ಸಂಗಮದ ಸೀಮೆಯಲ್ಲಿ ನೀರಿನ ಬಡತನ

“ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ” ಎಂಬ ಗಾದೆಯನ್ನು ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಗೆ ಅನ್ವಯಿಸಿದರೆ ಅತಿಶಯೋಕ್ತಿಯಾಗಲಾರದು. ನಂಜನಗೂಡಿನ ಬಳಿ ಕೌಂಡಿನ್ಯೆಯೆನಿಸಿದ ಗುಂಡ್ಲು ಹೊಳೆ ಕಪಿಲೆಯನ್ನು ಸೇರುತ್ತದೆ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಇಂತಹ ನಾಡಿನಲ್ಲಿಯೂ ಬೇಸಗೆ ಬಂತೆಂದರೆ ಕೊಡಗಳ ಸಾಲನ್ನು ನಾನು ಕಂಡಿದ್ದೇನೆ. 2019ರ ಆಗಸ್ಟಿನಲ್ಲಿ ಇದೇ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ರಸ್ತೆಯ ಸಂಚಾರವನ್ನೇ ನಿಲ್ಲಿಸಿದಳು. ಆದುದರಿಂದ ತಪ್ಪನ್ನೆಲ್ಲ ಮಳೆರಾಯನ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಮ್ಮ ಕಷ್ಟಕ್ಕೆ ದೈವವನ್ನು ಹೊಣೆಮಾಡುವುದು ಹಳೆಯ ರೂಢಿ. ನರಸೀಪುರ ತಾಲ್ಲೂಕಿನ ತಲಕಾಡನ್ನೇ ನೋಡಿರಿ. ಅಲ್ಲಿನ ಮರಳಿಗೆ ಅಲಮೇಲಮ್ಮನ ಶಾಪವೇ ಕಾರಣವೆಂದು ಜನ ನಂಬಿದರು. ಹದಿನಾಲ್ಕನೆಯ ಶತಮಾನದ ಮಾಧವಮಂತ್ರಿಯ ಅಣೆಕಟ್ಟಿನಿಂದ ಹೊಳೆಯ ಪಾತ್ರ ಬರಿದಾಗಿ, ಬಯಲಾದ ಮರಳನ್ನು ಗಾಳಿ ಊರಿನ ಮೇಲೆ ತೂರಿತೆಂದು ಡಾ. ಕೆ. ಎನ್. ಗಣೇಶಯ್ಯನವರು ವಾದಿಸಿದ್ದಾರೆ. ಈ ವಾದವನ್ನು ಒಪ್ಪಿದರೆ, ಶಾಪವೆಂದು ತೋರಿದ್ದು ಮನುಷ್ಯನ ಕೈವಾಡವೇ ಆಗುತ್ತದೆ.

ಹಿಂದೆ ಮೈಸೂರು ಸೀಮೆ ಕೆರೆಗಳ ಸೀಮೆಯಾಗಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು 1866ರಲ್ಲಿ ಇಲ್ಲಿನ ಮುಖ್ಯ ಎಂಜಿನಿಯರ್ ಮೇಜರ್ ಸ್ಯಾಂಕಿ ಬರೆದಿದ್ದನು. ಊರಿನವರೇ ಹೂಳೆತ್ತುತ್ತಿದ್ದರು, ತೂಬೆತ್ತಿ ಗದ್ದೆಯಿಂದ ಗದ್ದೆಗೆ ನೀರು ಹಂಚಲು ನೀರುಗಂಟಿಯಿದ್ದನು. ಆದರೆ ಆ ಕಾಲವನ್ನು ಸುವರ್ಣಯುಗವೆಂದು ಹಾಡಿ ಹೊಗಳಲು ನನಗೆ ಮನಸ್ಸೊಪ್ಪದು. ಅನೇಕ ಊರುಗಳಲ್ಲಿ ಈ ನೀರುಗಂಟಿ ದಲಿತನು. ಊರ ಗದ್ದೆಗೆಲ್ಲ ನೀರು ಬಿಟ್ಟ ಕೈ ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಕೆರೆಯ ನೀರು ಕುಡಿಯುವ ಹಕ್ಕಿಗಾಗಿ ಅಂಬೇಡ್ಕರರು ಮಹಾಡಿನಲ್ಲಿ 1927ರಲ್ಲಿ ಸತ್ಯಾಗ್ರಹವನ್ನೇ ಹೂಡಬೇಕಾಯಿತು. ತುಂಬಿದ ಬಾವಿಯ ಪಕ್ಕದಲ್ಲಿ ಬಾಯಾರುವುದೂ ಒಂದು ಬರವೇ ಅಲ್ಲವೆ?

ಕೆರೆಯ ಯಜಮಾನಿಕೆ ಊರಿನಿಂದ ಸರ್ಕಾರಕ್ಕೆ ಹೋದಂತೆ ಹೊಳೆಯದೂ ಹೋಯಿತು. 1892ರ ಒಪ್ಪಂದದಂತೆ, ಕಪಿಲೆಯೂ ಸೇರಿದಂತೆ ಹೆಸರಿಸಿದ ಹೊಳೆಗಳ ಮೇಲೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. 1924ರ ಒಪ್ಪಂದ ಕನ್ನಂಬಾಡಿಗೆ ದಾರಿ ಬಿಟ್ಟಿತು. ಐವತ್ತು ವರ್ಷಗಳ ಮೇಲೆ ಅದರ ಕೆಲವು ಅಂಶಗಳನ್ನು ಮತ್ತೆ ಪರಿಶೀಲಿಸಬೇಕೆಂದೂ ಹೇಳಿತು. ಆ ಐವತ್ತು ತುಂಬಿದ 1974ರಲ್ಲಿಯೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಪೂರ್ತಿಯಾಯಿತು. ಅದೇ ವರ್ಷ ಕಾವೇರಿಯ ನೀರು ಮೊದಲ ಬಾರಿಗೆ ಕೊಳವೆಯಲ್ಲಿ ಬೆಂಗಳೂರಿಗೆ ಹರಿಯಿತು. ಒಂದೇ ವರ್ಷದಲ್ಲಿ ಹೊಳೆಗೆ ಮೂವರು ಹಕ್ಕುದಾರರು: ನೆರೆರಾಜ್ಯ, ನಾಲೆ, ನಗರ.

ನಾಲೆ ಬಂದದ್ದರಿಂದ ಒಣಭೂಮಿ ಹಸುರಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ತೂಬಿನ ಬುಡದಲ್ಲಿದ್ದವನು ಭತ್ತ, ಕಬ್ಬು ಬೆಳೆದನು. ನಾಲೆಯ ಬಾಲದಲ್ಲಿದ್ದವನು ಆಕಾಶ ನೋಡಿದನು. ಅವನು ಸಾಲ ಮಾಡಿ ಕೊಳವೆಬಾವಿ ಕೊರೆಸಿದನು. ಪಕ್ಕದವನು ಇನ್ನೂ ಆಳಕ್ಕೆ ಕೊರೆಸಿದನು. ಹಣವಿದ್ದಷ್ಟು ಆಳ, ಆಳವಿದ್ದಷ್ಟು ನೀರು ಎಂಬ ಲೆಕ್ಕ ನಿಂತಿತು. ಕೇಳುವವರಿಲ್ಲದ ಕೆರೆಗಳು ಹೂಳು ತುಂಬಿದವು. ಇತ್ತ ಮೈಸೂರು ನಗರ ಕಪಿಲೆಯಿಂದ ಕುಡಿಯುವ ನೀರನ್ನು ಒಯ್ಯುತ್ತದೆ. ಅದರ ದಕ್ಷಿಣ ಭಾಗದ ಕೊಳೆನೀರು ದಳವಾಯಿ ಕೆರೆಯ ಹಾದಿಯಿಂದ ಕಪಿಲೆಯ ಕಡೆಗೇ ಇಳಿಯುತ್ತದೆ. ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಹೊಳೆಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕಲುಷಿತವೆಂದು ಪಟ್ಟಿಮಾಡಿತು. ಹೊಳೆ ತುಂಬಿದ್ದರೂ ಬೊಗಸೆಗೆ ಬಾರದ ನೀರು ಇದ್ದೇನು ಫಲ?

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕಾವೇರಿಯ 740 ಟಿಎಂಸಿ ಅಡಿ ನೀರಿನಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಎಂದು ಹಂಚಿತು. ಬೆಂಗಳೂರಿಗೆಂದು 4.75 ಹೆಚ್ಚಿಗೆ ದೊರೆಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತದ ಯೋಜನೆ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಆ ನಗರಕ್ಕೆ ಎತ್ತಲು ಸಿದ್ಧವಾಯಿತು. ಬೆಂಗಳೂರಿನವರ ಬಾಯಾರಿಕೆಯೂ ಬಾಯಾರಿಕೆಯೇ. ಅದನ್ನು ನಾನು ಅಲ್ಲಗಳೆಯಲಾರೆ.

ಆದರೆ ರಾಜ್ಯ ರಾಜ್ಯಗಳ ನಡುವಿನ ಪಾಲಿಗೆ ನ್ಯಾಯಮಂಡಳಿಯುಂಟು, ಕೋರ್ಟುಂಟು. ನಾಲೆಯ ತಲೆಗೂ ಬಾಲಕ್ಕೂ, ಪೇಟೆಗೂ ಹಳ್ಳಿಗೂ, ಮೇಲುಕೇರಿಗೂ ಕೆಳಕೇರಿಗೂ ನಡುವಿನ ಪಾಲನ್ನು ನಾವೇ ತೀರ್ಮಾನಿಸಬೇಕಾಗಿದೆ. ಹಳೆಯ ನೀರುಗಂಟಿ ತನ್ನ ಊರಿನ ಕೊನೆಯ ಗದ್ದೆ ಯಾವುದೆಂದು ಬಲ್ಲವನಾಗಿದ್ದ. ಇಂದು ನೀರು ಹಂಚುವವರೂ ಅಷ್ಟನ್ನು ಬಲ್ಲವರಾಗಬೇಕು. ಹಂಚಿದವನಿಗೂ ಬಾವಿಯಲ್ಲಿ ಪಾಲಿರಬೇಕು.