ಯುದ್ಧವಿಮಾನಗಳ ಗುರುತುಗಳು



ರಾಯಲ್ಪಾಡಿನ ಕಡೆಯ ಕುರಿಗಾಹಿಯೊಬ್ಬನು ತನ್ನ ಕುರಿಗಳ ಬೆನ್ನಿಗೆ ಕೆಮ್ಮಣ್ಣು ಬಳಿದರೆ, ಅದು ಸಂತೆಯ ಸಂದಣಿಯಲ್ಲಿ ಅವು ಪರರ ಪಾಲಾಗದಿರಲೆಂದು. ಯುದ್ಧವಿಮಾನದ ಮೈಮೇಲಣ ಬಣ್ಣದ ಉದ್ದೇಶವೂ ಇಂತಹುದೇ. ಆದರೆ ಅಲ್ಲಿ ಗುರುತು ತಪ್ಪಿದರೆ ಹೋಗುವುದು ಪ್ರಾಣ, ಅದೂ ಸ್ವಪಕ್ಷದವರ ಗುಂಡಿನಿಂದ.

1914ರಲ್ಲಿ ಬ್ರಿಟಿಷರು ತಮ್ಮ ಧ್ವಜವನ್ನೇ ರೆಕ್ಕೆಗಳ ಅಡಿಯಲ್ಲಿ ಬರೆಯಿಸಿದ್ದರು. ನೆಲದ ಮೇಲೆ ನಿಂತವನಿಗೆ ಅದರೊಳಗಿನ ಶಿಲುಬೆಯೊಂದೇ ಎದ್ದುಕಾಣುತ್ತಿದ್ದಿತು. ಜರ್ಮನರ ಚಿಹ್ನೆಯೂ ಶಿಲುಬೆಯೇ! ಆದುದರಿಂದ ಆ ಡಿಸೆಂಬರಿನಲ್ಲಿ ಫ್ರೆಂಚರ ವರ್ತುಲಗಳನ್ನು, ಬಣ್ಣದ ಕ್ರಮವನ್ನು ತಿರುಗಿಸಿ, ಸ್ವೀಕರಿಸಿದರು: ಹೊರಗೆ ನೀಲಿ, ಒಳಗೆ ಬಿಳುಪು, ನಡುವೆ ಕೆಂಪು.

ಎರಡನೆಯ ಮಹಾಯುದ್ಧದಲ್ಲಿ ಆ ಕೆಂಪೇ ತೊಡಕಾಯಿತು. ಜಪಾನೀಯರ ಚಿಹ್ನೆ ಕೆಂಪು ಸೂರ್ಯಬಿಂಬವಷ್ಟೆ. ಅಮೆರಿಕದವರು 1942ರ ಮೇ ತಿಂಗಳಿನಲ್ಲಿ ತಮ್ಮ ನಕ್ಷತ್ರದ ನಡುವಣ ಕೆಂಪು ಬೊಟ್ಟನ್ನು ಅಳಿಸಿದರು. ಬರ್ಮಾದ ಕಡೆ ಹೋರಾಡಿದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳೂ ಕೆಂಪನ್ನು ತೊರೆದುವು. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಆಡಳಿತಕ್ಕೆ ಒಳಪಟ್ಟಾಗ, ಅಲ್ಲಿ ದುರಸ್ತಿಗೆ ಬಂದುದು ಈ ಬೊಟ್ಟಿಲ್ಲದ ನಕ್ಷತ್ರವೇ.

ಮೈಸೂರಿನ ಹೆಸರನ್ನೇ ಹೊತ್ತ ದಳವೊಂದಿದ್ದಿತು. 1941ರ ಜೂನಿನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡಿನಲ್ಲಿ ರಚಿತವಾದ 129ನೆಯ ದಳದ ಲಾಂಛನ ನಮ್ಮ ಗಂಡಭೇರುಂಡ. ಅದನ್ನು ಕೇಳಿ ನಾವು ಹೆಮ್ಮೆಪಡುವುದು ಸಹಜ. ಆದರೆ ಕ್ಷಣಾರ್ಧದಲ್ಲಿ ಶತ್ರುಮಿತ್ರರನ್ನು ನಿರ್ಣಯಿಸಬೇಕಾದ ಫಿರಂಗಿಯವನಿಗೆ ಲಾಂಛನದಿಂದ ಏನು ಪ್ರಯೋಜನ? ಅವನಿಗೆ ಬೇಕಾದುದು ಢಾಳವಾದ ಪಟ್ಟೆ. ಈ ದಳವು 1944ರಲ್ಲಿ ಪಡೆದ ಮಸ್ಟಾಂಗ್ ವಿಮಾನವಂತೂ ದೂರಕ್ಕೆ ಜರ್ಮನರ ಮೆಸರ್‌ಸ್ಮಿಟ್ಟನ್ನು ಹೋಲುತ್ತಿದ್ದಿತು.

ಪಟ್ಟೆಗಳ ಹಿಂದೆ ಘೋರವಾದ ಒಂದು ರಾತ್ರಿಯಿದೆ. 1943ರ ಜುಲೈ 11ರಂದು ಸಿಸಿಲಿಯ ಮೇಲೆ ಸೈನಿಕರನ್ನು ಹೊತ್ತುಬಂದ 144 ಅಮೆರಿಕನ್ ವಿಮಾನಗಳ ಮೇಲೆ ಸ್ವಪಕ್ಷದ ಹಡಗುಗಳೂ ನೆಲದ ಫಿರಂಗಿಗಳೂ ಗುಂಡಿನ ಮಳೆ ಕರೆದುವು. 23 ವಿಮಾನಗಳು ನಾಶವಾದುವು. ನಾರ್ಮಂಡಿಯ ದಂಡಯಾತ್ರೆಗೆ ಮುನ್ನ, 1944ರ ಜೂನ್ ಮೊದಲ ವಾರದಲ್ಲಿ, ರೆಕ್ಕೆಗಳಿಗೂ ಒಡಲಿಗೂ ಮೂರು ಬಿಳಿಯ, ಎರಡು ಕರಿಯ ಪಟ್ಟೆಗಳನ್ನು ಬಳಿಯಿಸಿದರು. ಶತ್ರುವು ಅನುಕರಿಸದಿರಲೆಂದು ಆಜ್ಞೆಯನ್ನು ಕಡೆಯ ಘಳಿಗೆಯವರೆಗೆ ಗುಟ್ಟಾಗಿರಿಸಿದ್ದರಿಂದ ಎಷ್ಟೋ ಕಡೆ ಕುಂಚ ಹಿಡಿದು ರಾತ್ರೋರಾತ್ರಿ ಬಳಿಯಬೇಕಾಯಿತು. ಗೆರೆಗಳು ವಕ್ರವಾದುದನ್ನು ಅಂದಿನ ಛಾಯಾಚಿತ್ರಗಳಲ್ಲಿ ಕಾಣಬಹುದು.

1946ರ ಸೆಪ್ಟೆಂಬರಿನಲ್ಲಿ 129ನೆಯ ದಳಕ್ಕೆ 257 ಎಂಬ ಅಂಕವನ್ನಿತ್ತರು. ಸ್ವತಂತ್ರ ಭಾರತದ ವಿಮಾನಗಳು 1950ರಲ್ಲಿ ತ್ರಿವರ್ಣದ ವರ್ತುಲಗಳನ್ನು ಧರಿಸಿದುವು. ಹೊರಗೆ ಕೇಸರಿ, ಒಳಗೆ ಬಿಳುಪು, ನಡುವೆ ಹಸುರು.