ಗ್ಯಾಸ್‌ಲೈಟಿನ ಮರಳು, ಮೂಳೆಯ ರೋಗ

ನಮ್ಮ ಗಣಪತಿ ಸುತ್ತಮುತ್ತ ರಾತ್ರಿ ಪದ ಹಾಡೋದಕ್ಕೆ ಒಂದು ಕಾಲದಲ್ಲಿ ಗ್ಯಾಸ್‌ಲೈಟೇ ಗತಿ. ಅದರೊಳಗೆ ಬೆಳಗೋ ಪುಟ್ಟ ಬಲೆಚೀಲವೇ ಮ್ಯಾಂಟಲ್. ಅದಕ್ಕೆ ಥೋರಿಯಂ ಹಾಕಿರುತ್ತಿದ್ದರು. ಥೋರಿಯಂ ಸಿಗೋದು ಮೊನಜೈಟ್ ಮರಳಲ್ಲಿ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನಿಯವರು ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿದ್ದ ಮರಳಲ್ಲಿ ಅದನ್ನು ಕಂಡರು. ಆಮೇಲೆ, ಈಗ ನಮ್ಮ ತಮಿಳುನಾಡಿಗೆ ಸೇರಿರೋ ಮಣವಾಳಕುರಿಚ್ಚಿಯಲ್ಲಿ ಮರಳು ತೆಗೆಯೋ ಕೆಲಸ ಶುರುವಾಯಿತು.

ಥೋರಿಯಂ ಜೊತೆಗೇ ಮೆಸೊಥೋರಿಯಂ ಇರುತ್ತೆ. ಅದು ರೇಡಿಯಂನ ಒಂದು ಬಗೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಲ್ಲಿ 1917ರಿಂದ ಹೆಣ್ಣುಮಕ್ಕಳು ಗಡಿಯಾರಕ್ಕೆ ಕತ್ತಲಲ್ಲಿ ಹೊಳೆಯೋ ಅಂಕಿ ಬರೀತಿದ್ದರು. ಬಣ್ಣದಲ್ಲಿ ರೇಡಿಯಂ, ಮೆಸೊಥೋರಿಯಂ ಎರಡೂ ಇದ್ದವು. ಕುಂಚ ಚೂಪಾಗಲಿ ಅಂತ ತುದಿಯನ್ನು ತುಟಿಯಲ್ಲಿ ಒತ್ತುತ್ತಿದ್ದರು. ಏನೂ ಆಗಲ್ಲ ಅಂತ ಅವರಿಗೆ ಹೇಳಿದ್ದರು. ಕೆಲವು ವರ್ಷದಲ್ಲಿ ದವಡೆ ಕೊಳೆಯಿತು, ಮೂಳೆ ಮುರಿಯಿತು, ಕೆಲವರಿಗೆ ಮೂಳೆ ಕ್ಯಾನ್ಸರ್ ಬಂತು. 1925ರಲ್ಲಿ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು ಕಾರಣ ತೋರಿಸಿದರು. ಐವರು ಹೆಣ್ಣುಮಕ್ಕಳು ಕೋರ್ಟಿಗೆ ಹೋದರು. 1928ರಲ್ಲಿ ರಾಜಿಯಾಗಿ ಪರಿಹಾರ ಸಿಕ್ಕಿತು.

ಮೊಲಗಳ ಸರದಿ ಬಂದದ್ದು ಆಮೇಲೆ. ಫ್ಲಾರೆನ್ಸ್ ಸೇಬಿನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಮೊಲಗಳ ರಕ್ತನಾಳಕ್ಕೆ ರೇಡಿಯಂ, ಮೆಸೊಥೋರಿಯಂ ಚುಚ್ಚಿದರು. ಮೊಲಗಳಿಗೂ ಮೂಳೆ ಕ್ಯಾನ್ಸರ್ ಬಂತೆಂದು 1932ರಲ್ಲಿ ಪ್ರಕಟಿಸಿದರು. 1950ರ ದಶಕದಿಂದ ಯೂಟಾ ವಿಶ್ವವಿದ್ಯಾಲಯದಲ್ಲಿ ಬೀಗಲ್ ನಾಯಿಗಳ ಮೇಲೆ ಪ್ರಯೋಗ ನಡೆಯಿತು. ಅಣುಬಾಂಬಿಗೆ ಬಳಸೋ ಪ್ಲುಟೋನಿಯಂ, ಮೂಳೆಗೆ ರೇಡಿಯಂಗಿಂತಲೂ ಕೇಡು ಅಂತ ಆ ನಾಯಿಗಳಿಂದ ತಿಳಿಯಿತು.

ಮೂಳೆಗೇ ಯಾಕೆ? ರಾಗಿಯಲ್ಲಿರೋ ಸುಣ್ಣದ ಅಂಶವನ್ನು ನಮ್ಮ ಮೈ ಮೂಳೆಗೆ ಸೇರಿಸಿಕೊಳ್ಳುತ್ತಲ್ಲ, ರೇಡಿಯಂ ಗುಣ ಅದಕ್ಕೆ ಹತ್ತಿರ. ಮೈ ಮೋಸಹೋಗಿ ಅದನ್ನೂ ಮೂಳೆಯಲ್ಲಿ ಇಟ್ಟುಕೊಳ್ಳುತ್ತೆ. ಅಲ್ಲೇ ಕೂತು ಅದು ವರ್ಷಗಟ್ಟಲೆ ಕಿರಣ ಹೊಡೆಯುತ್ತೆ. ಸಾಮಾನ್ಯ ರೇಡಿಯಂ ಅರ್ಧ ಕರಗೋದಕ್ಕೇ 1,600 ವರ್ಷ ಬೇಕು.

ಗ್ಯಾಸ್‌ಲೈಟಿನ ಬೆಳಕಲ್ಲಿ ಪದ ಕೇಳಿದವರಿಗೆ ಈ ರೋಗ ಬರುತ್ತೆ ಅಂತ ನಾನು ಹೇಳ್ತಿಲ್ಲ. ಆ ಹೆಣ್ಣುಮಕ್ಕಳು ವಿಷವನ್ನು ದಿನವೂ ನುಂಗಿದರು. ಅದು ಬೇರೆ ಮಾತು.

ಮೊದಲು ಪ್ರಾಣಿಗಳ ಮೇಲೆ ನೋಡಿ ಆಮೇಲೆ ಮನುಷ್ಯರ ಕೈಗೆ ಕೊಡೋದು ಕ್ರಮ. ಇಲ್ಲಿ ಹಿಂದುಮುಂದಾಯಿತು, ಕೂಲಿಯ ಹೆಣ್ಣುಮಕ್ಕಳೇ ಮೊದಲ ಮೊಲಗಳಾದರು. ಮೈಯಲ್ಲಿ ರೇಡಿಯಂ ಎಷ್ಟು ಮೀರಬಾರದು ಅಂತ 1941ರಲ್ಲಿ ಅಮೆರಿಕ ಮಿತಿ ಹಾಕಿದ್ದು ಅವರ ಮೂಳೆ ಹೇಳಿದ ಲೆಕ್ಕದಿಂದ. ಮೇಷ್ಟ್ರುಗಳು ಮಕ್ಕಳಿಗೆ ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ ಪಾಠ ಮಾಡುವಾಗ ಈ ಹೆಣ್ಣುಮಕ್ಕಳನ್ನೂ ಆ ಮೂಕಪ್ರಾಣಿಗಳನ್ನೂ ಒಂದು ಸಲ ನೆನೆಯಬೇಕು.