ತೆರಿಗೆಯ ಸಾಲ

ತೆರಿಗೆ ಎಂಬುದು ‘ತೆರು’ ಧಾತುವಿನಿಂದ ಹುಟ್ಟಿದ ಶಬ್ದ. ಪ್ರಾಣ ತೆತ್ತನು, ದಂಡ ತೆತ್ತನು ಎನ್ನುವಲ್ಲಿಯೂ ಇರುವುದು ಅದೇ ಧಾತು. ತೆತ್ತ ಮೇಲೆ ಋಣ ಹರಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಸಾಲ ತಂದು ತೆತ್ತರೆ ಋಣ ಹರಿಯುವುದಿಲ್ಲ. ಒಬ್ಬರಿಂದ ಇನ್ನೊಬ್ಬರ ಕೈಗೆ ದಾಟುತ್ತದೆ. ಆದಾಯ ತೆರಿಗೆಯನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟುವ ಅನುಕೂಲ ನಮ್ಮ ದೇಶಕ್ಕೂ ಬಂದಿರುವುದರಿಂದ, ಈ ದಾಟುವಿಕೆಯ ಹಳೆಯ ಕಥೆಯೊಂದನ್ನು ವಾಚಕರು ಕೇಳಬೇಕು.

ಹತ್ತೊಂಬತ್ತನೆಯ ಶತಮಾನದ ಮುಂಬಯಿ ಪ್ರಾಂತದಲ್ಲಿ ರೈತವಾರಿ ಪದ್ಧತಿಯಿತ್ತು. ರೈತನು ಕಂದಾಯವನ್ನು ನೇರವಾಗಿ ಸರಕಾರಕ್ಕೆ, ಅದೂ ರೊಕ್ಕದಲ್ಲಿಯೇ, ಗೊತ್ತಾದ ಕಂತಿಗೆ ಸಲ್ಲಿಸಬೇಕು. ಮಳೆಗೆ ಗೊತ್ತಾದ ದಿನವಿಲ್ಲ, ಕಂತಿಗೆ ಇದೆ. ಹೀಗಾಗಿ ರೈತನು ಸಾಹುಕಾರನ ಬಾಗಿಲಿಗೆ ಹೋದನು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ, ದಖ್ಖನದ ಹತ್ತಿಗೆ, ನಮ್ಮ ಧಾರವಾಡ ಸೀಮೆಯದಕ್ಕೂ ಸೇರಿ, ಎಲ್ಲಿಲ್ಲದ ಬೆಲೆ ಬಂದಿತು. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ಮುಗಿದು ಬೆಲೆ ಇಳಿಯಿತು. ಪುಣೆಯ ಕಡೆ ಕಂದಾಯ ಮಾತ್ರ ಏರಿತು. ಸಾಹುಕಾರರು ಕೈ ಬಿಗಿಹಿಡಿದರು. ಸಾಲಪತ್ರದ ಆಯುಸ್ಸು ಮೂರೇ ವರ್ಷವೆಂದು 1859ರಲ್ಲಿ ಕಾಯಿದೆಯಾಗಿತ್ತು. ರೈತನ ಹಿತಕ್ಕೆಂದು ಮಾಡಿದ ಆ ಕಾಯಿದೆಯೇ ಅವನಿಗೆ ಉರುಳಾಯಿತು. ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುವುದು ರೂಢಿಯಾಯಿತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಊರಿನಲ್ಲಿ ರೈತರು ದಂಗೆಯೆದ್ದರು. ಅವರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು, ಲೆಕ್ಕದ ಪುಸ್ತಕಗಳನ್ನು. ಕಂದಾಯ ಕೇಳಿದ್ದು ಸರಕಾರ, ಬೆಂಕಿ ಬಿದ್ದದ್ದು ಸಾಹುಕಾರನ ಕಡತಕ್ಕೆ! ವಿಚಾರಣೆಗೆ ನೇಮಕವಾದ ಆಯೋಗವೂ, ಸರಕಾರದ ಕಂದಾಯ ಇದಕ್ಕೆ ಕಾರಣವಲ್ಲವೆಂದೇ ವರದಿ ಮಾಡಿತು. 1879ರಲ್ಲಿ ದಖ್ಖನದ ಕೃಷಿಕರ ಪರಿಹಾರ ಕಾಯಿದೆ ಬಂದು, ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ ಸಾಲದ ಪೂರ್ವಾಪರವನ್ನು ವಿಚಾರಿಸಲು ನ್ಯಾಯಾಲಯಗಳಿಗೆ ಅಧಿಕಾರ ದೊರೆಯಿತು.

ಇನ್ನು ಕಾರ್ಡಿನ ಮಾತು. ಅಮೆರಿಕದಲ್ಲಿ 1997ರ ಕಾಯಿದೆಯೊಂದು ಇದಕ್ಕೆ ದಾರಿ ಮಾಡಿ, 1999ರಲ್ಲಿ ಅದು ಬಳಕೆಗೆ ಬಂದಿತು. ಅಂಗಡಿಯಲ್ಲಿ ಕಾರ್ಡು ಕೊಟ್ಟರೆ ಬ್ಯಾಂಕಿನ ಶುಲ್ಕವನ್ನು ಸಾಮಾನ್ಯವಾಗಿ ಅಂಗಡಿಯವನು ಹೊರುತ್ತಾನೆ. ಸರಕಾರ ಅಂಗಡಿಯಲ್ಲವಷ್ಟೆ, ಖಜಾನೆಯು ಅಂಥ ಶುಲ್ಕ ಕೊಡಕೂಡದೆಂದು ಕಾಯಿದೆಯಲ್ಲಿಯೇ ಬರೆದರು. ಅದು ತೆರಿಗೆದಾರನ ತಲೆಗೆ ಬಂದಿತು. ನಮ್ಮಲ್ಲಿಯೂ ಕಾರ್ಡಿನಿಂದ ಕಟ್ಟಿದವರೇ ಶುಲ್ಕವನ್ನು ಹೊರಬೇಕು.

ಬ್ಯಾಂಕಿನ ಗಡುವಿನೊಳಗೆ ಪೂರ್ತಿ ಹಣ ತೀರಿಸುವವರಿಗೆ ಶುಲ್ಕದಷ್ಟೇ ನಷ್ಟ. ತೀರಿಸಲಾಗದವರು ಒಂದು ಲೆಕ್ಕ ಹಾಕಿ ನೋಡಿರಿ. ತೆರಿಗೆ ತಡವಾದರೆ ಸರಕಾರ ಈಚಿನ ವರ್ಷಗಳಲ್ಲಿ ವಿಧಿಸಿದ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ಕಾರ್ಡಿನ ಬಾಕಿಗೆ ಅನೇಕ ಬ್ಯಾಂಕುಗಳು ಹಾಕುವುದು ನೂರಕ್ಕೆ ಮೂರಕ್ಕಿಂತ ಹೆಚ್ಚು, ಅದೂ ಕಟ್ಟಿದ ದಿನದಿಂದಲೇ. 50,000 ರೂಪಾಯಿ ತೆರಿಗೆಗೆ ಸರಕಾರದ ತಿಂಗಳ ಬಡ್ಡಿ 500 ರೂಪಾಯಿಯಾದರೆ, ಕಾರ್ಡಿನದು 1,500ಕ್ಕೂ ಮೇಲೆ, ಶುಲ್ಕ ಬೇರೆ.